ಚೀಲದ ಲೆಕ್ಕದ ಗಾಡಿ

ಕಳೆದ ಶ್ರಾವಣದಲ್ಲಿ ಮಾವನ ಊರಿಗೆ ಹೋಗಿದ್ದೆ. ಆದವಾನಿಗೂ ಹೊಳಗುಂದಕ್ಕೂ ನಡುವಿನ ಎರೆ ನೆಲದ ಊರು ಅದು. ದನದ ಕೊಟ್ಟಿಗೆಗೆ ಹೊಸ ತಗಡು ಹಾಕಿಸುತ್ತಿದ್ದರು. ಕಂಬಕ್ಕೆ ಕುಣಿ ತೋಡುತ್ತಿದ್ದ ಆಳು ಸುಸ್ತಾಗಿ ಹಾರೆಯನ್ನು ಗೋಡೆಗೆ ಆನಿಸಿ ನೀರು ಕುಡಿಯಲು ಹೋದ. ಸುಮ್ಮನೆ ಅದನ್ನು ಕೈಗೆತ್ತಿಕೊಂಡೆ. ಸಾಮಾನ್ಯ ಹಾರೆಗಿಂತ ಗಿಡ್ಡ, ತೂಕ ಮಾತ್ರ ಹೆಚ್ಚು. ಮೊನೆಯನ್ನು ಕಮ್ಮಾರ ಕಾಸಿ ಬಡಿದು ಚೂಪು ಮಾಡಿದ್ದ. ಮೇಲಿನ ತುದಿಯಲ್ಲಿ ಸುತ್ತಲೂ ಉದ್ದುದ್ದ ಗೀರುಗಳು. ಒಂದೊಂದರಲ್ಲೂ ಉಗುರು ಕೂರುವಷ್ಟು ಆಳ. ವರ್ಷಗಟ್ಟಲೆ ಅಂಗೈ ಉಜ್ಜಿ ಅವುಗಳ ಅಂಚು ನುಣುಪಾಗಿತ್ತು. ಎರಡು ಗೀರುಗಳ ನಡುವೆ ಒಂದು ಹಲ್ಲು ಸ್ವಲ್ಪ ತಿರುಚಿಕೊಂಡಿತ್ತು. ಆ ತಿರುಚಿದ ಹಲ್ಲನ್ನು ನಾನು ಮೊದಲೇ ನೋಡಿದ್ದೆ.

ಅದು ಮಾವನ ಪಿಕಪ್ಪಿನ ಹಿಂದಿನ ಆಕ್ಸಲ್ಲಿನ ಶಾಫ್ಟು. ಗೀರುಗಳೆಂದರೆ ಸ್ಪ್ಲೈನು, ಡಿಫರೆನ್ಸಿಯಲ್ ಒಳಗೆ ಹಲ್ಲಿನ ಚಕ್ರಕ್ಕೆ ಕಚ್ಚಿಕೊಳ್ಳುವ ತುದಿ. ಇನ್ನೊಂದು ತುದಿ, ಗಾಲಿಯ ಕಡೆಯದು, ತೊಂಬತ್ತರ ದಶಕದ ನಡುವಿನ ಒಂದು ಸಂಜೆ ಹೊಳಗುಂದದ ದಾರಿಯಲ್ಲಿ ಮುರಿದು ಬಿತ್ತು.

ಈ ಸೀಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಸೇರಿದವು, ಬಳ್ಳಾರಿ ಮೈಸೂರಿಗೆ ಬಂತು. ಬೀಗತನ, ದೇವರು, ಜಾತ್ರೆ ಯಾವುದೂ ಆ ಗೆರೆಯನ್ನು ಒಪ್ಪಿಕೊಳ್ಳಲಿಲ್ಲ. ನಮ್ಮ ತಾಯಿಯನ್ನು ಬಳ್ಳಾರಿಗೆ ಕೊಟ್ಟಿದ್ದರು, ಹಾಗಾಗಿ ರಜೆ ಬಂತೆಂದರೆ ನಾನು ಆದವಾನಿಯ ಬಸ್ಸಿನಲ್ಲಿರುತ್ತಿದ್ದೆ. ಮನೆಯೊಳಗೆ ಕನ್ನಡ, ಮಾರ್ಕೆಟ್ಟಿನಲ್ಲಿ ತೆಲುಗು, ಗ್ಯಾರೇಜಿನಲ್ಲಿ ಉರ್ದು. ಗಾಡಿಯ ನಂಬರು ಎಪಿ 21, ಅದರ ಬಿಡಿಭಾಗ ತರುತ್ತಿದ್ದದ್ದು ಕೆಎ 34ರ ಬಳ್ಳಾರಿಯಿಂದ. ಮಾವನಂಥವರು ದಿನಕ್ಕೆ ಮೂರೂ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದರು.

ಆದವಾನಿ ಎಂದರೆ ಹತ್ತಿ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಅದೊಂದು. ಊರ ಸುತ್ತ ಜಿನ್ನಿಂಗ್ ಫ್ಯಾಕ್ಟರಿಗಳು, ಎಣ್ಣೆ ಗಿರಣಿಗಳು. ಹಂಗಾಮಿನಲ್ಲಿ ಯಾರ್ಡಿನ ಮುಂದೆ ನಸುಕಿನಿಂದಲೇ ಗಾಡಿಗಳ ಸಾಲು. ಹತ್ತಿಯಲ್ಲಿ ಒಂದು ವಿಚಿತ್ರವಿದೆ: ನೋಡಲು ಬೆಟ್ಟ, ತೂಕ ಮಾತ್ರ ಕಮ್ಮಿ. ಹತ್ತಿ ತುಂಬಿದ ಚೀಲಗಳನ್ನು, ಅಂದರೆ ಅಂಡಿಗೆಗಳನ್ನು, ಡ್ರೈವರ್ ತಲೆಗಿಂತ ಎರಡಾಳೆತ್ತರ ಹೇರಿದರೂ ಅಡಿಯ ಸ್ಪ್ರಿಂಗಿನ ಕಮಾನು ಪಟ್ಟಿ ಅಷ್ಟಾಗಿ ಬಾಗುವುದಿಲ್ಲ. ಗಾಡಿಯ ಸೊಂಟ ಮುರಿಯುವುದು ಹತ್ತಿಕಾಳು, ಹಿಂಡಿ, ಶೇಂಗಾ, ಸಿಮೆಂಟು, ಎಲ್ಲಕ್ಕಿಂತ ಹೆಚ್ಚಾಗಿ ಬೇತಂಚರ್ಲದ ಬಂಡೆ. ಮಾವ ಹೋಗುವಾಗ ಹತ್ತಿ ಹೇರಿಕೊಂಡು ಹೋಗಿ ಬರುವಾಗ ಬಂಡೆಯನ್ನೋ ಹಿಂಡಿಯನ್ನೋ ಹೇರಿಕೊಂಡು ಬರುತ್ತಿದ್ದ. ಖಾಲಿ ಗಾಡಿ ಓಡಿಸುವುದು ಅವನ ಮಟ್ಟಿಗೆ ಪಾಪ.

ಬಾಡಿಗೆ ನಿಗದಿಯಾಗುತ್ತಿದ್ದದ್ದು ಚೀಲದ ಲೆಕ್ಕದಲ್ಲಿ. ಗಾಡಿಗಿಷ್ಟು, ಕಿಲೋಮೀಟರಿಗಿಷ್ಟು ಅಂತ ಕೇಳಿದರೆ ದಲ್ಲಾಳಿ ಅಂಗಡಿಯವರು ಇನ್ನೊಬ್ಬನನ್ನು ಕರೆಯುತ್ತಿದ್ದರು. ಚೀಲದ ಲೆಕ್ಕವಾದ ಮೇಲೆ ಹತ್ತು ಚೀಲ ಹೆಚ್ಚು ಹಾಕಿದವನಿಗೆ ಅದೇ ಡೀಸೆಲ್ಲಿನಲ್ಲಿ ಹತ್ತು ಚೀಲದ ದುಡ್ಡು. ಅಜ್ಜಿಯ ಬಂಗಾರ ಒತ್ತೆ ಇಟ್ಟು ಹಳೆಯ ಗಾಡಿ ಕೊಂಡವನು, ತಿಂಗಳು ತಿಂಗಳು ಬಡ್ಡಿ ಕಟ್ಟುವವನು, ಆ ಹತ್ತು ಚೀಲವನ್ನು ಬೇಡ ಅನ್ನುವುದು ಹೇಗೆ? ಆ ವಯಸ್ಸಿನಲ್ಲಿ ನನಗೆ ಇದು ತಿಳಿಯುತ್ತಿರಲಿಲ್ಲ. ಲೋಡು ಎತ್ತರವಾದಷ್ಟೂ ಮಾವ ದೊಡ್ಡವನಾಗಿ ಕಾಣುತ್ತಿದ್ದ.

ಮುಂಚೆಯೂ ಶಾಫ್ಟು ಮುರಿದಿತ್ತಂತೆ. ಎರೆ ನೆಲದಲ್ಲಿ ಅದು ಹೊಸದೇನಲ್ಲ. ಮಳೆ ಬಿದ್ದರೆ ನೆಲ ಅಂಟಿನ ಉಂಡೆಯಾಗುತ್ತದೆ. ಒಂದು ಹಿಂಗಾಲಿ ಕೆಸರಿನಲ್ಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಅಲ್ಲಾಡುವುದೇ ಇಲ್ಲ. ಡ್ರೈವರ್ ಸಿಟ್ಟಿಗೆದ್ದು ಆಕ್ಸಿಲರೇಟರ್ ಒತ್ತುತ್ತಾನೆ. ಬಿರುಸಾಗಿ ತಿರುಗುತ್ತಿದ್ದ ಗಾಲಿ ಅಡಿಯಲ್ಲಿದ್ದ ಕಲ್ಲಿಗೆ ತಟ್ಟನೆ ಕಚ್ಚಿಕೊಂಡಾಗ ಅಷ್ಟೂ ವೇಗದ ಪೆಟ್ಟು ಶಾಫ್ಟಿನ ಮೇಲೆ. ಆ ಹಲ್ಲು ತಿರುಚಿದ್ದು ಅಂಥ ಯಾವುದೋ ಒಂದು ಪೆಟ್ಟಿಗೆ.

ಆದರೆ ಆ ಸಂಜೆ ಮಳೆ ಇರಲಿಲ್ಲ, ದಾರಿ ಒಣಗಿತ್ತು. ಹತ್ತಿ ಬಿಡಿಸಿದ ಹೆಣ್ಣಾಳುಗಳನ್ನು ಅಂಡಿಗೆಯ ಮೇಲೆ ಕೂರಿಸಿಕೊಂಡು ಮಾವ ಹೊಲದಿಂದ ಊರಿಗೆ ಬರುತ್ತಿದ್ದ. ಅಡಿಯಲ್ಲಿ ಹಿಂಡಿಯ ಚೀಲ, ಮೇಲೆ ಹತ್ತಿ, ಅದರ ಮೇಲೆ ಅವರು. ನಾನು ಮುಂದೆ ಕ್ಲೀನರ್ ಹುಡುಗನ ತೊಡೆಯ ಮೇಲೆ. ಸದ್ದೇನೂ ದೊಡ್ಡದಾಗಿ ಆಗಲಿಲ್ಲ. ಗಾಡಿ ಹಿಂದೆ ಒಂದು ಮಗ್ಗುಲಿಗೆ ಕುಸಿಯಿತು, ಕಿಟಕಿಯ ಆಚೆ ನಮ್ಮದೇ ಗಾಲಿ ನಮ್ಮನ್ನು ದಾಟಿ ಮುಂದೆ ಉರುಳಿಕೊಂಡು ಜೋಳದ ಹೊಲಕ್ಕೆ ಇಳಿಯಿತು. ಆಮೇಲೆ ಕೂಗು. ಅಂಡಿಗೆಗಳು ಜಾರಿ ಹೆಂಗಸರು ಬಿದ್ದಿದ್ದರು. ಹತ್ತಿಯ ಮೇಲೆ ಬಿದ್ದವರಿಗೆ ತರಚುಗಾಯ. ಒಬ್ಬಾಕೆ ಹತ್ತಿ ಇಲ್ಲದ ಕಡೆ, ದಾರಿಯ ಅಂಚಿನ ಕಲ್ಲಿನ ಮೇಲೆ ಬಿದ್ದಳು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು.

ಕೇಸು ಆಗಲಿಲ್ಲ. ಊರ ಹಿರಿಯರು ಕೂತು ಒಂದು ಮೊತ್ತ ಮಾತಾಡಿದರು, ಮಾವ ಎರಡು ಕಂತಿನಲ್ಲಿ ಕೊಟ್ಟ. ಕಾಲಿಗೆ ನಾಟಿ ಕಟ್ಟು ಹಾಕಿಸಿದರು. ಕಾಲು ಕೂಡಿತು, ನೆಟ್ಟಗೆ ಕೂಡಲಿಲ್ಲ.

ಮರುದಿನ ಮೇಸ್ತ್ರಿ ಬಂದ. ಆದವಾನಿಯಲ್ಲಿ ಕೋಟೆಯ ಕಡೆಗೆ ಗ್ಯಾರೇಜು ಇಟ್ಟುಕೊಂಡಿದ್ದ ಮುಸಲ್ಮಾನ, ಎಲ್ಲರ ಬಾಯಲ್ಲೂ ಭಾಯಿ. ಮುರಿದ ಶಾಫ್ಟನ್ನು ಕೈಯಲ್ಲಿ ಹಿಡಿದು ಮುರಿದ ಮುಖವನ್ನು ಬಿಸಿಲಿಗೆ ತಿರುಗಿಸಿದ. ಸುಮಾರು ಅರ್ಧ ಭಾಗ ಕಪ್ಪಗೆ, ನಯವಾಗಿ, ಒಂದರ ಒಳಗೊಂದು ಬಳೆ ಇಟ್ಟಂಥ ಗೆರೆಗಳು. ಉಳಿದರ್ಧ ಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯುತ್ತಿತ್ತು. "ಇದು ನಿನ್ನೆ ಮುರಿದಿಲ್ಲ ಸಾಹುಕಾರ್" ಅಂದ ಭಾಯಿ, "ತಿಂಗಳಿಂದ ಮುರೀತಾ ಇದೆ. ನಿನ್ನೆ ಕಳಚಿಕೊಂಡಿದೆ ಅಷ್ಟೇ." ಕಪ್ಪು ಭಾಗ ಹಳೆಯ ಬಿರುಕು, ಹೊಳೆಯುವುದು ಕೊನೆಯ ಗಳಿಗೆಯದು. ಮುಂದೆ ನನ್ನ ಕೆಲಸದಲ್ಲಿ ಅದೇ ಪಾಠವನ್ನು ಪುಸ್ತಕದಿಂದ ಓದಿದೆ. ಭಾಯಿ ಅದನ್ನು ಹೇಳುವಾಗ ಅವನ ಬೆರಳು ಬಿರುಕು ಹುಟ್ಟಿದ ಜಾಗದಲ್ಲೇ ಇತ್ತು: ಗಾಲಿಯ ಹಬ್ಬನ್ನು ಹಿಡಿದಿಡುವ ಕೀಲಿ ಕೂರುವ ತೋಡಿನ ಮೂಲೆ.

ಅಂಥ ಹಗುರ ಗಾಡಿಗಳಲ್ಲಿ ಹಿಂದಿನ ಶಾಫ್ಟಿಗೆ ಎರಡು ದುಡಿಮೆ. ಗಾಲಿಯನ್ನು ತಿರುಗಿಸುವುದೂ ಅದೇ, ಗಾಡಿಯ ಭಾರ ಹೊರುವುದೂ ಅದೇ. ಗಾಲಿ ನೇರವಾಗಿ ಶಾಫ್ಟಿನ ತುದಿಗೆ ಕೂತಿರುತ್ತದೆ, ಆದ್ದರಿಂದ ಹೊರತುದಿ ಮುರಿದರೆ ಗಾಲಿಯೂ ಹೊರಟೇ ಹೋಗುತ್ತದೆ. ಇದಕ್ಕೆ ಸೆಮಿ ಫ್ಲೋಟಿಂಗ್ ಅನ್ನುತ್ತಾರೆ. ಭಾರದ ಗಾಡಿಗಳಲ್ಲಿ ಕಟ್ಟು ಬೇರೆ. ಗಾಲಿಯ ಹಬ್ಬು ಎರಡು ಬೇರಿಂಗಿನ ಮೇಲೆ ಹೊರಗಿನ ಕೊಳವೆಗೆ, ಅಂದರೆ ಹೌಸಿಂಗಿಗೇ ಕೂತಿರುತ್ತದೆ. ಭಾರವೆಲ್ಲ ಕೊಳವೆಯದು, ಒಳಗಿನ ಶಾಫ್ಟು ತಿರುಗಿಸುವುದಷ್ಟೇ. ಮುರಿದರೆ ಹಬ್ಬಿನ ಬೋಲ್ಟು ಬಿಚ್ಚಿ ಶಾಫ್ಟು ಎಳೆದು ಹೊಸದು ತೂರಿಸಬಹುದು; ಗಾಲಿ ಇದ್ದಲ್ಲೇ ಇರುತ್ತದೆ. ಇದು ಫುಲ್ ಫ್ಲೋಟಿಂಗ್. ಲಾರಿಗಳ ಹಿಂಗಾಲಿಯ ನಡುವೆ ಬೋಲ್ಟುಗಳ ಸುತ್ತು ಹೊತ್ತು ಹೊರಗೆ ಚಾಚಿಕೊಂಡಿರುವ ಹಬ್ಬನ್ನು ನೋಡಿರುತ್ತೀರಿ, ಅದೇ.

ಭಾಯಿ ಹೊಸ ಶಾಫ್ಟು ಹಾಕಿಕೊಡುತ್ತೇನೆ ಅಂದ. ಮಾವ ಬೇಡ ಅಂದ. "ಶಾಫ್ಟ್ ಮುರದ್ರ ಮುರೀಲಿ ಭಾಯಿ, ಗಾಲಿ ಹೋಗಬಾರದು. ಮಂದಿ ಕುಂತಿರ್ತಾರ." ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮುಂದೆ ಅವನ ಮೇಲೆ ಏನೇ ಹೇಳಿದರೂ ಈ ಮಾತನ್ನು ಮರೆತು ಹೇಳಲಾರೆ.

ದೊಡ್ಡ ಗಾಡಿಯ ಹಿಂದಿನ ಆಕ್ಸಲ್ ಹುಡುಕಲು ಅವರು ಮೊದಲು ಬಳ್ಳಾರಿ ಗುಜರಿ ಸುತ್ತಿದರು, ಸಿಗಲಿಲ್ಲ. ಕೊನೆಗೆ ಗೊತ್ತಿದ್ದ ಲಾರಿ ಹತ್ತಿ ವಿಜಯವಾಡದ ಆಟೋನಗರಕ್ಕೆ ಹೋದರು. ಹಳೆಯ ಗಾಡಿಗಳನ್ನು ಬಿಚ್ಚಿ ಎಂಜಿನ್ ಒಂದು ಸಾಲು, ಗೇರ್‌ಬಾಕ್ಸ್ ಒಂದು ಸಾಲು ಮಾಡಿ ಇಟ್ಟಿರುವ ಆ ಊರಿನ ಬಗ್ಗೆ ಭಾಯಿ ತಿಂಗಳುಗಟ್ಟಲೆ ಮಾತಾಡಿದ. ಅಪಘಾತವಾದ ಮಿನಿ ಲಾರಿಯೊಂದರ ಆಕ್ಸಲ್ ಸಿಕ್ಕಿತು. ಮಾವ ಹೌಸಿಂಗಿನ ಉದ್ದಕ್ಕೂ ಕಲ್ಲಿನಿಂದ ಬಡಿದು ಸದ್ದು ಕೇಳಿ ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡನಂತೆ. ಕ್ರೌನ್ ಪಿನಿಯನ್ ಹಲ್ಲಿಗೆ ನೀಲಿ ಬಳಿದು ತಿರುಗಿಸಿ, ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತದೆ ನೋಡಿಯೇ ದುಡ್ಡು ಎಣಿಸಿದ್ದು.

ಕೆಲಸ ನಡೆದದ್ದು ಮನೆಯ ಹಿತ್ತಲಲ್ಲಿ. ಗ್ಯಾರೇಜಿನಲ್ಲಿ ಬಾಡಿಗೆ ಜಾಸ್ತಿ, ಅದಕ್ಕಿಂತ ಮುಖ್ಯವಾಗಿ ಭಾಯಿಗೆ ಬೇರೆ ಗಾಡಿಗಳ ತರಾತುರಿ ಇಲ್ಲದೆ ಮಾಡಬೇಕಿತ್ತು. ಬೇವಿನ ಮರಕ್ಕೆ ಚೈನ್ ಕಪ್ಪಿ ಕಟ್ಟೋಣ ಅಂದ ಮಾವನನ್ನು ಭಾಯಿ ತಡೆದ. ಬೇವಿನ ಕೊಂಬೆ ನಂಬಬಾರದು ಅಂತ ಮೂರು ಕಬ್ಬಿಣದ ಪೈಪು ನಿಲ್ಲಿಸಿ ತಲೆ ಕಟ್ಟಿದ. ಚಾಸಿಯ ಅಡಿಗೆ ಜಾಕು, ಜಾಕಿನ ಪಕ್ಕ ಬಂಡೆ ಒಟ್ಟಿದ ಕಟ್ಟೆ. ಜಾಕನ್ನು ನಂಬಿ ಯಾರೂ ಕೆಳಗೆ ತೂರಬಾರದು ಎಂಬುದು ಅವನ ಮೊದಲ ಕಟ್ಟಪ್ಪಣೆ. ಹಳೆಯ ಆಕ್ಸಲ್ ಬಿಚ್ಚುವುದಕ್ಕೆ ಹೊತ್ತು ಹಿಡಿಯಲಿಲ್ಲ. ಯು ಬೋಲ್ಟುಗಳ ತುಕ್ಕಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಹಾಕಿಟ್ಟಿದ್ದರು.

ಹೊಸದನ್ನು ಪಕ್ಕದಲ್ಲಿ ತಂದಿಟ್ಟಾಗ ಕಷ್ಟ ಗೊತ್ತಾಯಿತು. ಹೌಸಿಂಗ್ ದಪ್ಪ, ಅಗಲ. ಕಮಾನು ಪಟ್ಟಿ ಕೂರುವ ಗದ್ದುಗೆಗಳ ನಡುವಿನ ಅಂತರ ನಮ್ಮ ಗಾಡಿಗಿಂತ ಹೆಚ್ಚು. ಪ್ರೊಪೆಲ್ಲರ್ ಶಾಫ್ಟು ಸೇರುವ ಫ್ಲ್ಯಾಂಜಿನ ತೂತುಗಳೇ ಬೇರೆ. ಅಜ್ಜಿ ದೂರದಿಂದ ನೋಡಿ, "ಇದು ಕೂರ್ತದೇನಪಾ?" ಅಂತ ಕೇಳಿದಳು. "ಕೂರಲ್ಲ ಅಮ್ಮ, ಕೂರಿಸ್ಬೇಕು" ಅಂದ ಭಾಯಿ.

ಹಳೆಯ ಗದ್ದುಗೆಗಳನ್ನು ಗ್ಯಾಸಿನಲ್ಲಿ ಕೊಯ್ದು ಉಜ್ಜಿ, ಹೊಸವನ್ನು ನಮ್ಮ ಗಾಡಿಯ ಅಳತೆಗೆ ಬೆಸೆಯಬೇಕಿತ್ತು. ಬೆಸೆಯುವುದಕ್ಕಿಂತ ಮೊದಲು ಭಾಯಿ ಊರಿನ ಗಾರೆಯವನಿಂದ ರಸಮಟ್ಟವನ್ನೂ ತೂಕದ ಗುಂಡನ್ನೂ ತರಿಸಿದ. ಗೇರ್‌ಬಾಕ್ಸಿನ ಹಿಂದಿನ ಮುಖ ಎಷ್ಟು ಓರೆಯಾಗಿದೆಯೋ ಪಿನಿಯನ್ನಿನ ಮುಖವೂ ಅಷ್ಟೇ ಓರೆಯಾಗಿ ನಿಲ್ಲಬೇಕು, ಇಲ್ಲದಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಜಾಯಿಂಟುಗಳು ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುವುದಿಲ್ಲ, ಗಾಡಿ ವೇಗ ಹಿಡಿದೊಡನೆ ನಡುಗುತ್ತದೆ. ಇದನ್ನು ಅವನು ಕೋನ, ಡಿಗ್ರಿ ಯಾವುದೂ ಇಲ್ಲದೆ, ಗಾರೆಯವನ ಮಟ್ಟದ ಗುಳ್ಳೆ ಎರಡೂ ಕಡೆ ಒಂದೇ ಗೆರೆಗೆ ನಿಲ್ಲುವಂತೆ ಮಾಡಿ ಸಾಧಿಸಿದ. ಆಮೇಲೆ ಮುಂದಿನ ಕಮಾನು ಪಿನ್ನಿನಿಂದ ಹಿಂದಿನ ಹಬ್ಬಿಗೆ ಎಡಕ್ಕೂ ಬಲಕ್ಕೂ ದಾರ ಹಿಡಿಸಿದ. ಬಲ ಮೂಲೆಯಿಂದ ಎಡ ಮೂಲೆಗೆ, ಎಡದಿಂದ ಬಲಕ್ಕೆ ಮತ್ತೆ ದಾರ. ಒಂದು ತುದಿ ನನ್ನ ಕೈಯಲ್ಲಿ. ಬೆರಳು ಅಲ್ಲಾಡಿದರೆ ಬೈಯುತ್ತಿದ್ದ. ಅಡ್ಡ ಕೂತ ಆಕ್ಸಲ್ಲು ಜೀವಮಾನವಿಡೀ ಗಾಡಿಯನ್ನು ಒಂದು ಕಡೆಗೆ ಎಳೆಯುತ್ತದೆ, ಟೈರು ತಿನ್ನುತ್ತದೆ.

ಬೆಸುಗೆಯನ್ನು ನೋಡಬೇಕಿತ್ತು. ಈ ಕಡೆ ಎರಡು ಬೆರಳಗಲ, ಬಿಟ್ಟು ಆ ಕಡೆ ಎರಡು ಬೆರಳಗಲ. ಕೈ ಇಟ್ಟು ನೋಡುವಷ್ಟು ಆರಿದ ಮೇಲೆ ಮತ್ತೆ. ಒಂದೇ ಸಲಕ್ಕೆ ಎಳೆದರೆ ಕಾವಿಗೆ ಕೊಳವೆ ಬಾಗುತ್ತದೆ. ಕಣ್ಣಿಗೆ ಕಾಣದ ಬಾಗು ಸಾಕು, ಒಳಗೆ ಬೇರಿಂಗು ಸುಟ್ಟುಹೋಗಲು. ಅತ್ತೆ ಚಹಾ ತಂದರೆ ಭಾಯಿ ಬೆಸುಗೆ ಆರುವ ಹೊತ್ತಿಗೆ ಸರಿಯಾಗಿ ಕುಡಿಯುತ್ತಿದ್ದ. ಫ್ಲ್ಯಾಂಜು ಆದವಾನಿಯ ಲೇತಿನಲ್ಲಿ ಆಯಿತು, ಪ್ರೊಪೆಲ್ಲರ್ ಶಾಫ್ಟನ್ನು ಕಡಿದು ಗಿಡ್ಡ ಮಾಡಿಸಿದರು.

ಇಷ್ಟೆಲ್ಲ ಅಳೆದು ತೂಗಿ ಮಾಡಿದವರು ಬ್ರೇಕಿನ ಹತ್ತಿರ ಬಂದಾಗ ದುಡ್ಡು ಮುಗಿದಿತ್ತು.

ಹೊಸ ಆಕ್ಸಲ್ಲಿನ ಡ್ರಮ್ಮು ದೊಡ್ಡದು, ಗಾಲಿಯ ಸಿಲಿಂಡರು ದೊಡ್ಡದು. ಅದಕ್ಕೆ ಹೆಚ್ಚು ಎಣ್ಣೆ ದೂಡಬೇಕು, ನಮ್ಮ ಗಾಡಿಯ ಮಾಸ್ಟರ್ ಸಿಲಿಂಡರು ಚಿಕ್ಕದು. ಏರ್ ತೆಗೆದು ಎಷ್ಟು ಸರಿ ಮಾಡಿದರೂ ಪೆಡಲು ಒಂದೇ ಒತ್ತಿಗೆ ತಳ ಮುಟ್ಟಿದ ಹಾಗಾಗುತ್ತಿತ್ತು, ಎರಡನೆಯ ಒತ್ತಿಗೆ ಹಿಡಿಯುತ್ತಿತ್ತು. ಮಾಸ್ಟರ್ ಬದಲಿಸೋಣ ಅಂದ ಭಾಯಿ. ಶೇಂಗಾ ಮುಗಿದ ಮೇಲೆ ನೋಡೋಣ ಅಂದ ಮಾವ. ಶೇಂಗಾ ಮುಗಿಯಿತು, ಮದುವೆ ಬಂತು, ಮುಂಗಾರು ಬಂತು. ಎರಡು ಸಲ ಒತ್ತುವುದು ಮಾವನ ಕಾಲಿಗೆ ರೂಢಿಯಾಯಿತು, ಅಲ್ಲಿಗೆ ಆ ಮಾತು ನಿಂತುಹೋಯಿತು.

ಗಾಡಿ ಓಡಿದ್ದು ಮಾತ್ರ ಬೇರೆಯೇ ಗಾಡಿಯ ಹಾಗೆ. ಹಿಂದಿನ ಗಾಲಿಗಳು ಮೈಯಿಂದ ಹೊರಗೆ ಚಾಚಿಕೊಂಡು ಕೆಸರನ್ನು ಬಾಗಿಲವರೆಗೂ ಎರಚುತ್ತಿದ್ದವು. ಗಾಲಿಯ ಬೋಲ್ಟುಗಳ ಸುತ್ತು ಹಿಂದೆ ಬೇರೆ, ಮುಂದೆ ಬೇರೆ ಆದದ್ದರಿಂದ ಎರಡು ಸ್ಟೆಪ್ನಿ ಹೊರಬೇಕಾಯಿತು. ಪಿನಿಯನ್ನಿನ ಲೆಕ್ಕ ಬದಲಾಗಿ ಎಂಜಿನ್ನಿನ ಕೂಗು ಜಾಸ್ತಿ, ಓಟ ಕಮ್ಮಿ, ಎಳೆತ ಮಾತ್ರ ಎಂಥ ಏರಿಗೂ ಅಂಜದ್ದು. ಮೀಟರಿಗೆ ತಂತಿ ಗೇರ್‌ಬಾಕ್ಸಿನಿಂದ ಹೋಗುತ್ತಿದ್ದರಿಂದ ಅದರ ಪ್ರಕಾರ ಆದವಾನಿ ಇನ್ನೂ ದೂರವಾಗಿತ್ತು. ಊರಿನ ಹುಡುಗರು ಬಗ್ಗಿ ಬಗ್ಗಿ ಅಡಿಗೆ ನೋಡುತ್ತಿದ್ದರು. ಹಳೆಯ ಶಾಫ್ಟನ್ನು ಮಾವ ಕಮ್ಮಾರನಿಗೆ ಕೊಟ್ಟ. ಅಂಥ ಉಕ್ಕು ಹಾರೆಗೆ ಸಿಗುವುದಿಲ್ಲ ಅಂತ ಅವನು ಕೂಲಿ ಸಹ ಕಮ್ಮಿ ತೆಗೆದುಕೊಂಡನಂತೆ.

ಆಮೇಲಿನ ಕತೆಯನ್ನು ನಾನು ಬಹಳ ವರ್ಷ ಪ್ರೀತಿಯಿಂದ ಅರ್ಧಕ್ಕೇ ನಿಲ್ಲಿಸಿ ಹೇಳುತ್ತಿದ್ದೆ. ಪೂರ್ತಿ ಹೇಳಿದರೆ ಹೀಗಿದೆ. ಆಕ್ಸಲ್ ತಡೆಯುತ್ತದೆ ಎಂದು ದಲ್ಲಾಳಿ ಅಂಗಡಿಗೆ ಗೊತ್ತಾದ ದಿನದಿಂದ ಚೀಲ ಹೆಚ್ಚಿದವು. ಮೊದಲು ಕಮಾನು ಪಟ್ಟಿ ನೆಟ್ಟಗಾದವು, ಎರಡು ಪಟ್ಟಿ ಹೆಚ್ಚು ಹಾಕಿಸಿದ. ಆಮೇಲೆ ಪಟ್ಟಿಯ ಹ್ಯಾಂಗರ್ ಹತ್ತಿರ ಚಾಸಿ ಬಿರುಕು ಬಿಟ್ಟಿತು, ಅದಕ್ಕೆ ತೇಪೆ ಬೆಸೆದರು. ಬೆಸೆದದ್ದರ ಪಕ್ಕದಲ್ಲಿ ಇನ್ನೊಂದು ಬಿರುಕು. ಆಕ್ಸಲ್ ಮಾತ್ರ ಹೇಳಿದ ಮಾತಿಗೆ ತಪ್ಪಲಿಲ್ಲ, ಗಾಡಿ ಮಾರುವವರೆಗೂ ಒಂದು ಗಾಲಿಯೂ ಕಳಚಲಿಲ್ಲ. ಮತ್ತೆ ಅಂಡಿಗೆಯ ಮೇಲೆ ಹೆಂಗಸರು ಕೂತೇ ಇದ್ದರು, ಮುಂಚಿಗಿಂತ ಎತ್ತರದಲ್ಲಿ. ಬ್ರೇಕಿಗೆ ಎರಡು ಸಲ ಒತ್ತಬೇಕಾಗಿದ್ದ ಗಾಡಿಯಲ್ಲಿ.

ನಾನು ಈಗ ಬಳ್ಳಾರಿಯಲ್ಲಿ ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಗಾಡಿಗಳ ಅಡಿಗೆ ಟಾರ್ಚು ಹಿಡಿದು ತೂರುವುದು, ಯಾವುದು ಮೊದಲು ಮುರಿಯಿತು ಎಂದು ಬರೆಯುವುದು ನನ್ನ ಹೊಟ್ಟೆಪಾಡು. ಈ ಕೆಲಸಕ್ಕೆ ನನ್ನನ್ನು ತಂದದ್ದು ಆ ಹಿತ್ತಲೇ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದೇ ಗಾಡಿ ಇವತ್ತು ನನ್ನ ಮುಂದೆ ಬಂದು ನಿಂತರೆ ನಾನು ಏನು ಬರೆಯುತ್ತೇನೆ ಎಂಬುದೂ ನನಗೆ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಕಾಯ್ದೆಯ ಮಾತು ಬಿಡಿ, ಆಕ್ಸಲ್ ಒಂದನ್ನೇ ಬಲ ಮಾಡಿದ ಗಾಡಿಯಲ್ಲಿ ಬ್ರೇಕು, ಚಾಸಿ, ಸ್ಟೇರಿಂಗು ಎಲ್ಲವೂ ಹಳೆಯ ಭಾರಕ್ಕೇ ಹುಟ್ಟಿದವು. ಕಾರ್ಖಾನೆಯಲ್ಲಿ ಒಂದು ಗಾಡಿಗೆ ಇಷ್ಟು ಭಾರ ಎಂದು ಬರೆಯುವಾಗ ಅದು ಆಕ್ಸಲ್ಲಿನ ಲೆಕ್ಕ ಮಾತ್ರ ಆಗಿರುವುದಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆಕ್ಸಲ್ ಭಾರದ ಮಿತಿ ಏರಿಸಿತು, ನಾಲ್ಕು ಟೈರಿನ ಒಂಟಿ ಆಕ್ಸಲ್ಲಿಗೆ 10.2 ಟನ್ ಇದ್ದದ್ದು 11.5 ಆಯಿತು. ಆಗಲೂ ನಮ್ಮ ವೃತ್ತಿಯವರು ಮೊದಲು ಕೇಳಿದ್ದು ಬ್ರೇಕಿನ ವಿಚಾರವನ್ನೇ.

ಮತ್ತೆ ಆ ಹೆಂಗಸರು. 1994ರಲ್ಲಿ ಕಾಯ್ದೆಯ 147ನೇ ಕಲಮಿಗೆ ತಿದ್ದುಪಡಿ ಬಂತು: ಸರಕಿನ ಗಾಡಿಯಲ್ಲಿ ಸರಕಿನ ಮಾಲೀಕನೋ ಅವನ ಅಧಿಕೃತ ಪ್ರತಿನಿಧಿಯೋ ಇದ್ದರೆ ಅವರಿಗೆ ವಿಮೆಯ ರಕ್ಷಣೆ. ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂದು 2002ರಲ್ಲಿ ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹತ್ತಿ ರೈತನದು, ಗಾಡಿ ಮಾವನದು. ಹತ್ತಿ ಬಿಡಿಸಿದ ಕೈಗಳು, ಆ ಹತ್ತಿಯ ಮೇಲೇ ಕೂತಾಗ, ಕಾನೂನಿನ ಕಣ್ಣಿಗೆ ಬಿಟ್ಟಿ ಸವಾರಿ. ಎಷ್ಟು ಫೈಲುಗಳಲ್ಲಿ ನಾನು ಇದನ್ನು ಓದಿದ್ದೇನೆ. ಪ್ರತಿ ಸಲ ನನಗೆ ಹೊಳಗುಂದದ ದಾರಿಯ ಅಂಚಿನ ಕಲ್ಲು ಕಣ್ಣಿಗೆ ಬರುತ್ತದೆ. ಹಿರಿಯರು ಕೂತು ಕೊಡಿಸಿದ ಆ ಎರಡು ಕಂತನ್ನು ಆಗ ನಾವೆಲ್ಲ ದೊಡ್ಡ ಔದಾರ್ಯವೆಂದು ಮಾತಾಡಿಕೊಂಡಿದ್ದೆವು.

ಈ ಸಲ ಊರಿಗೆ ಹೋದಾಗ ಕಾಲು ಮುರಿದಿದ್ದ ಆಕೆಯ ಮನೆಗೆ ಹೋದೆ. ವಯಸ್ಸಾಗಿದೆ. ಮಕ್ಕಳು ಮೊಮ್ಮಕ್ಕಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗುತ್ತಾರೆ, ಕೋಸಿಗಿ ಕೌತಾಳಂ ಕಡೆಯಿಂದ ಹೋಗುವ ಸಾವಿರಾರು ಮಂದಿಯ ಹಾಗೆ. ಆಕೆ ಮನೆ ಕಾಯುತ್ತಾಳೆ. ಜೋಳದ ರೊಟ್ಟಿ ಕೊಟ್ಟಳು, ತಾಯಿಯ ಆರೋಗ್ಯ ಕೇಳಿದಳು. ಆ ಸಂಜೆಯ ಮಾತು ನಾನೇ ತೆಗೆದೆ. ಸಿಟ್ಟಿಲ್ಲದೆ ಹೇಳಿದಳು: "ನನ್ ಕಾಲ್ ಮುರದ ಮ್ಯಾಲೆ ನಿಮ್ ಮಾವ ಗಾಡಿ ಕಾಲ್ ಗಟ್ಟಿ ಮಾಡಿಸ್ಯಾನಪ. ನಂದು ಹಂಗೇ ಉಳೀತು." ಆಮೇಲೆ ಬೇರೆ ಮಾತಿಗೆ ಹೋದಳು. ಮುಂದಿನ ಹಂಗಾಮಿನಲ್ಲಿ ಆಕೆ ಕುಂಟುತ್ತಲೇ ಅದೇ ಗಾಡಿ ಹತ್ತಿ ಹೊಲಕ್ಕೆ ಹೋಗಿದ್ದಳು ಎಂಬುದು ನನಗೆ ಗೊತ್ತಾದದ್ದು ಅವತ್ತೇ.

ಮಾವನ ಹತ್ತಿರ ಇದನ್ನು ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಕಟ್ಟೆಯ ಮೇಲೆ ಕೂತಿದ್ದವನು ಸ್ವಲ್ಪ ಹೊತ್ತು ಬಿಟ್ಟು, "ಆಕಿ ನಡಿಯೋದ್ ನೋಡೇ ನಾ ಆಕ್ಸಲ್ ತಂದದ್ದು" ಅಂದ. "ಆಕಿಗೆ ಒಂದ್ ದೊಡ್ಡಾಸ್ಪತ್ರಿ ತೋರ್ಸ್‌ಬೇಕು ಅನ್ನೋದ್ ತಲೀಗ್ ಬರಲಿಲ್ಲ ಅಳಿಯ. ಗಾಡಿ ಅಂದ್ರ ಗೊತ್ತಿತ್ತು." ವಿಜಯವಾಡಕ್ಕೆ ಹೋಗಿ ಬಂದ ಖರ್ಚು, ಆಕ್ಸಲ್ಲಿನ ರೊಕ್ಕ, ಲೇತಿನ ಕೂಲಿ ಎಲ್ಲ ಅವನಿಗೆ ಇನ್ನೂ ನೆನಪಿದೆ. ಅವನು ಕೆಟ್ಟವನಲ್ಲ. ಮುರಿದದ್ದನ್ನು ರಿಪೇರಿ ಮಾಡುವುದರಲ್ಲಿ ಅವನಷ್ಟು ನಿಷ್ಠೆಯವರನ್ನು ನಾನು ನೋಡಿಲ್ಲ. ಆ ನಿಷ್ಠೆಯಲ್ಲಿ ಅರ್ಧದಷ್ಟಾದರೂ ಆ ಕಾಲಿಗೆ ಸಿಗಬೇಕಿತ್ತು ಎಂದು ಇವತ್ತು ಹೇಳದೆ ಇರಲಾರೆ. ಭಾಯಿ ತೀರಿಕೊಂಡು ಬಹಳ ವರ್ಷವಾಯಿತು. ಅವನ ಗ್ಯಾರೇಜು ಇದ್ದ ಕಡೆ ಈಗ ಮೊಬೈಲ್ ಅಂಗಡಿ.

ಮಾವನ ಮಗನದು ಹೊಸ ಪಿಕಪ್ಪು, ಬ್ಯಾಂಕಿನ ಸಾಲದ್ದು. ಇವುಗಳ ಆಕ್ಸಲ್ಲು ಕಾರ್ಖಾನೆಯಿಂದಲೇ ಗಟ್ಟಿ, ಹಿತ್ತಲಲ್ಲಿ ದಾರ ಹಿಡಿಯುವ ಪ್ರಮೇಯವಿಲ್ಲ. ಬಿಟಿ ಹತ್ತಿ ಬಂದ ಮೇಲೆ, ಅಂದರೆ 2002ರ ಆಚೆಗೆ, ಬೆಳೆಯೂ ಹೆಚ್ಚಿತು, ಹೇರುವ ಗಾಡಿಗಳೂ ಹೆಚ್ಚಿದವು. ಬಾಡಿಗೆ ಈಗಲೂ ಚೀಲದ ಲೆಕ್ಕವೇ. ಅವನು ನನ್ನನ್ನು ಗಾಡಿಯ ಹಿಂದೆ ಕರೆದುಕೊಂಡು ಹೋಗಿ, "ಭಾವ, ಹಿಂದೆ ಎರಡು ಪಟ್ಟಿ ಹಾಕ್ಸಿದ್ರ ಹೆಂಗೆ? ಎಲ್ಲಾರೂ ಹಾಕ್ಸ್ಯಾರ" ಅಂತ ಕೇಳಿದ. ನಾನು ಆರ್‌ಸಿಯಲ್ಲಿ ಬರೆದ ತೂಕ ತೋರಿಸಿ ಏನೋ ಹೇಳಲು ಹೊರಟೆ. ಕಟ್ಟೆಯ ಮೇಲಿಂದ ಮಾವ, "ಹಾಕ್ಸಬ್ಯಾಡ. ಹಾಕ್ಸಿದ್ರ ಚೀಲ ತಾವಾಗೇ ಬರ್ತಾವು" ಅಂದ.

ಪಟ್ಟಿಯ ಮಾತು ಅಲ್ಲಿಗೆ ಮುಗಿಯಿತು. ಗಾಡಿಯ ಮೇಲೆ ಕೂರುವ ಆಳುಗಳ ಮಾತು ಮುಗಿಯಲಿಲ್ಲ. ಅವರಿಗೆ ಬೇರೆ ಆಟೋ ಮಾಡಿದರೆ ಬಾಡಿಗೆ ಯಾರು ಕೊಡಬೇಕು ಎಂಬುದು ಮಾವನ ಮಗನ ಪ್ರಶ್ನೆ. ರೈತನ ಹತ್ತಿ, ರೈತ ಕೊಡಬೇಕು ಅನ್ನುತ್ತಾನೆ ಅವನು. ಕೂಲಿಯಲ್ಲಿ ಹಿಡಿದುಕೊಳ್ಳುತ್ತಾರೆ ಎಂದು ಅತ್ತೆ. ನಾನು ಸರಕಿನ ಗಾಡಿಯಲ್ಲಿ ಮಂದಿ ಬಿದ್ದರೆ ಮಾಲೀಕನ ಮನೆ ಮಾರಿಹೋಗುವ ಲೆಕ್ಕವನ್ನು, ನನ್ನ ಫೈಲುಗಳಲ್ಲಿ ಕಂಡದ್ದನ್ನು, ಊರು ಹೆಸರು ಬಿಟ್ಟು ಹೇಳಿದೆ. ಅವನು ಗಮನವಿಟ್ಟು ಕೇಳಿದ. ದಸರೆಯ ಹೊತ್ತಿಗೆ ಮೊದಲ ಬಿಡಿಸು ಶುರುವಾಗುತ್ತದೆ. ಅಷ್ಟರಲ್ಲಿ ತನಗೆ ಹತ್ತಿ ಕೊಡುವ ರೈತರನ್ನೆಲ್ಲ ಕೂಡಿಸಿ, ಆಳಿನ ಆಟೋಕ್ಕೆ ಎಕರೆಗಿಷ್ಟು ಅಂತ ಹಾಕಲು ಒಪ್ಪುತ್ತಾರೋ ಕೇಳುತ್ತೇನೆ ಅಂದ. ಕೂಡಿಸುವ ದಿನ ನಾನೂ ಇರಬೇಕಂತೆ. ಬರುತ್ತೇನೆ ಅಂದಿದ್ದೇನೆ.